ಬಸಣ್ಣ ಕಾಕಾ ಮಾತಾಡಿಸಿದ ಕಾರ್ಟೂನು

ಬಸಣ್ಣ ಕಾಕಾ ನಮ್ಮ ಮನೆಗೆ ಬಂದವರೇ ಮೊದಲು ಟಿವಿಯ ಧ್ವನಿ ಬಂದ್ ಮಾಡುತ್ತಿದ್ದರು. ತಾಂಡೂರಿನ ಕಲ್ಲು ಪಾಲಿಶ್ ಕಾರ್ಖಾನೆಯ ಗದ್ದಲದಲ್ಲಿ ದುಡಿದೂ ದುಡಿದೂ ಅವರ ಕಿವಿ ಅರ್ಧ ಹೋಗಿತ್ತು. ತಮಗೆ ಕೇಳದ್ದು ಯಾರಿಗೂ ಬೇಡ ಎಂಬುದು ಪಕ್ಕದ ಮನೆಯ ಈ ಹಿರಿಯರ ನ್ಯಾಯ.

"ಸುಮ್ಮ ಕುಂದರ್ರಿ, ನಾ ಮಾತಾಡ್ತೀನಿ," ಎನ್ನುತ್ತಿದ್ದರು.

ನೋಡುತ್ತಿದ್ದದ್ದು ಒಂದೇ ಕಾರ್ಟೂನು. ಒಬ್ಬ ದಪ್ಪ ಅಡುಗೆಭಟ್ಟ, ಅವನ ರೊಟ್ಟಿ ಕದಿಯುವ ಒಂದು ಕಾಗೆ. ಭಟ್ಟ ಬೆನ್ನಟ್ಟುತ್ತಾನೆ, ಬೀಳುತ್ತಾನೆ, ಅಷ್ಟೇ ಕಥೆ. ಕಾಕಾ ಕಾಗೆಗೆ ಉರ್ದು ಕೊಟ್ಟಿದ್ದರು: "ಕ್ಯಾ ಮಿಯಾಂ, ಇತ್ತಾ ಗುಸ್ಸಾ ಕಾಯ್ಕು?" ಎಂದರೆ ಇಷ್ಟು ಸಿಟ್ಟು ಯಾಕೆ ಎಂದು. ಭಟ್ಟನದು ನಮ್ಮ ಕನ್ನಡ: "ನಡಾನೂ ಹೋತು, ರೊಟ್ಟೀನೂ ಹೋತು!" ಒಳಗಿನಿಂದ ಭಟ್ಟನ ಹೆಂಡತಿ ತೆಲುಗಿನಲ್ಲಿ ಬೈಯುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಒಮ್ಮೆ ಕಾಕಾ ಮದುವೆಗೆಂದು ಕೊಡಂಗಲ್‌ಗೆ ಹೋದಾಗ ಧ್ವನಿ ಇಟ್ಟುಕೊಂಡು ನೋಡಿದೆವು. ಭಟ್ಟನಿಗೆ ಹೆಂಡತಿಯೇ ಇರಲಿಲ್ಲ! "ಅಕಿ ಯಾವಾಗ ಬರ್ತಾಳ?" ಎಂದು ಅವ್ವ ಕೊನೆಯವರೆಗೂ ಕಾದಳು. ಅಂದು ಯಾರೂ ನಗಲಿಲ್ಲ.

ನಾನು ಜಹೀರಾಬಾದಿನಲ್ಲಿ ಶಾಲೆಯ ಟೀಚರಾದ ಮೇಲೆ ಶನಿವಾರಕ್ಕೊಮ್ಮೆ ಊರಿಗೆ ಬರುತ್ತಿದ್ದೆ. ಕಾಕಾ ಆಗ ಕೆಲಸ ಬಿಟ್ಟಿದ್ದರು, ಅವರ ಹೆಂಡತಿ ಕಾಕು ತೀರಿಕೊಂಡಿದ್ದಳು. ದಿನವಿಡೀ ಮಾತಿಲ್ಲದ ಆ ಮನುಷ್ಯನಿಗೆ ನಮ್ಮ ಮನೆಯ ಆ ಅರ್ಧ ಗಂಟೆಯೇ ಮಾತು. ಆ ಕಾರ್ಟೂನಿನದೇ ವಿಡಿಯೋ ಗೇಮ್ ಬಂದಿದೆ ಎಂದು ತಿಳಿದಾಗ, ಕಾಕಾಗೆ ಖುಷಿಯಾಗಲಿ ಎಂದು ಫೋನಿಗೆ ಹಾಕಿಸಿ, ಟಿವಿಗೆ ಜೋಡಿಸಿದೆ. ಅದೇ ಭಟ್ಟ, ಅದೇ ಕಾಗೆ, ಅದೇ ಒಲೆ.

"ಬಂದ ನೋಡು ನಮ್ಮ ಭಟ್ಟ!" ಎಂದು ಕಾಕಾ ಫೋನು ಹಿಡಿದರು. ಭಟ್ಟ ಹಿಟ್ಟಿನ ಚೀಲದೊಳಗೆ ಬಿದ್ದ. ಅವರು ನಗುತ್ತಾ ಮಾತು ಶುರು ಮಾಡುವಷ್ಟರಲ್ಲಿ ಆಟ ಮುಗಿದಿತ್ತು.

"ಬೀಳಬಾರದ್ರಿ ಕಾಕಾ. ಬಿದ್ರ ಮೊದಲಿಂದ ಆಡಬೇಕು," ಎಂದು ಕಿವಿಯ ಹತ್ತಿರ ಹೇಳಿದೆ.

"ಬೀಳಬಾರದಂದ್ರ ಇಂವ ಯಾಕ ಬೇಕವ್ವಾ? ಕಾಗಿ ಹಿಡದ್ರ ಏನಾಗ್ತದ?"

"ಗೆಲ್ತೀವ್ರಿ."

"ಗೆದ್ದ ಮ್ಯಾಲ ನಾಳಿಗಿ ಏನ್ ನೋಡೋಣು?"

ಆ ಕಾರ್ಟೂನಿನ ಅಭಿಮಾನಿಯೊಬ್ಬರಿಗೆ ಆ ಗೇಮ್ ಯಾಕೆ ಹಿಡಿಸಲಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಆದರೆ ಅಂದು ನನಗೆ ತಿಳಿಯಲಿಲ್ಲ. ಆಡುವುದು ಹೇಗೆಂದು ತೋರಿಸುತ್ತೇನೆ ಎಂದು ಫೋನು ತೆಗೆದುಕೊಂಡವಳು ಅದರಲ್ಲೇ ಮುಳುಗಿಬಿಟ್ಟೆ. ಪಕ್ಕದಲ್ಲಿ ಕಾಕಾ ತಮ್ಮ ಪಾಡಿಗೆ ಭಟ್ಟನ ಹೆಂಡತಿಯಾಗಿ ಬೈಯತೊಡಗಿದರು. ನನ್ನ ಗಮನ ತಪ್ಪಿ ಕಾಗೆ ಹಾರಿಹೋಯಿತು.

"ಕಾಕಾ, ಒಂದೀಟು ಬಾಯಿ ಮುಚ್ಚಿ ಕೂಡ್ರಿ!" ಎಂದು ಒದರಿದೆ.

ಅರ್ಧ ಕಿವಿಗೂ ಅದು ಪೂರ್ತಿ ಕೇಳಿಸಿತು. "ಆತವ್ವಾ," ಎಂದರು. ನಾನು ಗೆಲ್ಲುವವರೆಗೂ ಕೂತಿದ್ದು, ಚಹಾ ಕುಡಿಯದೆ ಎದ್ದು ಹೋದರು.

ಆಮೇಲೂ ಬರುತ್ತಿದ್ದರು. ನಾನು ಟಿವಿಯ ಧ್ವನಿ ಬಂದ್ ಮಾಡಲು ಹೋದರೆ, "ಇರ್ಲಿ ಬಿಡವ್ವಾ, ಅದೇ ಮಾತಾಡ್ಲಿ," ಎನ್ನುತ್ತಿದ್ದರು. ತಪ್ಪಾಯಿತು ಎನ್ನಲು ನಾಚಿಕೆಯಾಗಿ ಮುಂದಿನ ಶನಿವಾರ, ಮುಂದಿನ ಶನಿವಾರ ಎಂದು ದೂಡಿದೆ. ಹೋದ ಬೇಸಿಗೆಯಲ್ಲಿ ಕಾಕಾ ಹೋಗಿಬಿಟ್ಟರು.

ಮಣ್ಣು ಮಾಡಲು ಬಂದಿದ್ದ ಅವರ ಮಗಳು ಮಹಾದೇವಿ ನಾರಾಯಣಖೇಡಕ್ಕೆ ಮರಳುವ ಮುಂಚೆ ನಮ್ಮ ಮನೆಗೆ ಬಂದಳು. "ಅಕ್ಕಾ, ಅಪ್ಪನ ದನಿ ನಿನ್ನ ಫೋನಿನಾಗ ಏನರೆ ಅದ ಏನು? ನನ್ನ ಮಕ್ಕಳಿಗಿ ಕೇಳಸ್ಬೇಕು."

ಒಂದೇ ಒಂದು ಇತ್ತು. ಶಾಲೆಯ ಗೆಳತಿಯರಿಗೆ ತೋರಿಸಲೆಂದು ಅಂದಿನ ಆಟವನ್ನು ನಮ್ಮ ಮಾತಿನ ಸಮೇತ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದೆ. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕೊಟ್ಟೆ. ಮಹಾದೇವಿ ಫೋನು ಕಿವಿಗೆ ಹಿಡಿದಳು. ತೆಲುಗಿನ ಬೈಗುಳ ಕೇಳಿ ಅಳುತ್ತಲೇ ನಕ್ಕಳು. ನಂತರ ನನ್ನ ಒದರಾಟ ಬಂತು, ಅದರ ಹಿಂದೆ ಕಾಕಾನ "ಆತವ್ವಾ". ಆಮೇಲೆ ಬರೀ ಗೇಮಿನ ಸಂಗೀತ. ಅವಳು ಫೋನು ಇಳಿಸಲಿಲ್ಲ.

"ಮುಂದ ಮಾತಾಡ್ತಾನೇನಕ್ಕಾ?"

"ಇಲ್ಲವ್ವಾ," ಎಂದೆ. "ನಾನೇ ಮಾತಾಡಗೊಡಲಿಲ್ಲ."