ಹಸಿರು ಗೋಡೆಯ ಮೇಲಿನ ಎಣ್ಣೆ ಕಲೆ

ಕೋವಿಡ್ ಕಳೆದು ಅಂಗಡಿಗಳು ಮತ್ತೆ ತುಂಬತೊಡಗಿದ್ದ ಕಾಲ. ಕಂಪನಿಗಳು ವಾತಾವರಣಕ್ಕೆ ಎಷ್ಟು ಇಂಗಾಲ ಸೇರಿಸುತ್ತವೆ ಎಂದು ಅಳೆದು ವರದಿ ಕೊಡುವ ಸಂಸ್ಥೆಯೊಂದರಲ್ಲಿ ನಾನು ಹಿರಿಯ ಪರಿಶೀಲಕಿಯಾಗಿದ್ದೆ. ಮೈಸೂರಿನ ಹೂಟಗಳ್ಳಿಯ ದೊಡ್ಡ ಸೂಪರ್‌ಮಾರ್ಕೆಟ್ ಒಂದು ನನ್ನ ಪಾಲಿಗೆ ಬಂತು. ಕಂಪನಿ ಅದನ್ನು ತನ್ನ ಮೊದಲ ‘ಹಸಿರು ಮಳಿಗೆ’ ಎಂದು ಸಾರುವುದರಲ್ಲಿತ್ತು. ಚಾವಣಿಗೆ ಸೋಲಾರ್ ಹಾಕಿದ್ದರು. ಹಿಂಬದಿಯ ಗೋಡೆಗೆ ಕಾಡಿನ ಚಿತ್ರ ಬರೆಸಿದ್ದರು. ಹಳೆಯ ಫ್ರೀಜರ್‌ಗಳನ್ನು ತೆಗೆದು ಪರಿಸರಸ್ನೇಹಿ ಫ್ರೀಜರ್‌ಗಳನ್ನು ಕೂರಿಸುವುದಷ್ಟೇ ಬಾಕಿ.

ಜನರಿಗೆ ಲಾರಿಯ ಹೊಗೆ ಕಾಣುತ್ತದೆ. ಫ್ರೀಜರ್ ಕೊಳವೆಗಳಲ್ಲಿ ಓಡಾಡುವ ರೆಫ್ರಿಜರೆಂಟ್, ಅಂದರೆ ತಣ್ಣಗಿಡುವ ಅನಿಲ, ಕಣ್ಣಿಗೆ ಬೀಳುವುದಿಲ್ಲ. ಅಲ್ಲಿದ್ದ ಬಗೆಯದು ಒಂದು ಕಿಲೋ ಹೊರಬಿದ್ದರೆ ಸುಮಾರು ನಾಲ್ಕು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಹಾನಿ. ಯಂತ್ರ ಕಳಚುವ ಮೊದಲು ಅದನ್ನು ರಿಕವರಿ ಮಷೀನಿನಿಂದ ಖಾಲಿ ಸಿಲಿಂಡರಿಗೆ ಎಳೆದುಕೊಳ್ಳಬೇಕು. ನಿಧಾನದ ಕೆಲಸ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ಮಳಿಗೆಯ ಹಿಂಬದಿಗೆ ಹೋದೆ. ಕುಂಬಾರಕೊಪ್ಪಲಿನ ಗುತ್ತಿಗೆ ಮೆಕ್ಯಾನಿಕ್ ಸಿದ್ದರಾಜು ಹಳೆಯ ಫ್ರೀಜರ್‌ಗಳ ಯಂತ್ರದ ಮುಂದೆ ಸ್ಪ್ಯಾನರ್ ಹಿಡಿದು ನಿಂತಿದ್ದ. ಎದುರಿಗೆ ಸ್ಟೋರ್ ಮ್ಯಾನೇಜರ್.

“ರಿಕವರಿ ಮಷೀನ್ ನಾಳೆ ಬತ್ತದೆ ಸಾರ್. ಒಂದಿನ ತಡ್ಕಳಿ.”

“ರಿಬ್ಬನ್ ಕಟ್ ಮಾಡೋರು ನಿನ್ ಮಷೀನ್ ಕಾಯ್ಕೊಂಡು ಕೂತಿರ್ತಾರೇನೋ? ಬಿಚ್ಬುಡು. ಗಾಳಿ ತಾನೆ, ಗಾಳೀಲಿ ಹೋಯ್ತದೆ.”

“ಬಿಡಬೇಡಿ,” ಎಂದೆ ನಾನು. “ನಿಮ್ಮ ಸೋಲಾರಿಂದ ವರ್ಷವೆಲ್ಲ ಉಳಿಸೋದು ಇದೊಂದರಲ್ಲೇ ಹೋಗುತ್ತೆ.”

ಆತ ನಕ್ಕ. “ಮೇಡಂ, ನೀವು ಬಂದಿರೋದು ಹೊಸ ಮಳಿಗೆ ಲೆಕ್ಕಕ್ಕೆ. ಇದು ಹಳೇ ಫ್ರೀಜರ್‌ದು. ಬಿಸಿಲಲ್ಲಿ ಯಾಕೆ ನಿಂತಿದೀರಿ, ಒಳಗೆ ಎಳನೀರು ತರಿಸಿದೀನಿ ಕಣ್ರೀ.” ಆಮೇಲೆ ಸಿದ್ದರಾಜುವಿನ ಕಡೆ ತಿರುಗಿ, “ಆಗಲ್ಲ ಅಂದ್ರೆ ಈಗ್ಲೇ ಹೇಳು. ಬೇರೆಯವ್ರನ್ನ ಕರೆಸ್ತೀನಿ.”

ಸಿದ್ದರಾಜು ನನ್ನ ಮುಖ ನೋಡಲಿಲ್ಲ. ವಾಲ್ವ್ ತಿರುಗಿಸಿದ. ಸೀಟಿಯಂಥ ಸದ್ದಿನೊಂದಿಗೆ ಅನಿಲ ನುಗ್ಗಿತು. ಕೊಳವೆಯ ಬಾಯಿ ಹಿಮಗಟ್ಟಿ ಬೆಳ್ಳಗಾಯಿತು. ಯಂತ್ರದೊಳಗಿನ ಎಣ್ಣೆ ಅದರ ಜೊತೆಗೇ ಚಿಮ್ಮಿ, ಗೋಡೆಯ ಮೇಲೆ ಬರೆದಿದ್ದ ಜಿಂಕೆಯ ಮುಖದಿಂದ ಕೆಳಗಿಳಿಯಿತು. ಸದ್ದು ನಿಂತಿತು. “ನೋಡಿ, ಏನಾಯ್ತು? ಏನೂ ಇಲ್ಲ,” ಎಂದ ಮ್ಯಾನೇಜರ್. ಮರುದಿನ ಅದೇ ಮ್ಯಾನೇಜರ್ ಗಿರಾಕಿಗಳಿಗೆ ಬೇವಿನ ಸಸಿ ಹಂಚಿದ. ನನಗೂ ಒಂದು ಚಾಚಿದ. ತೆಗೆದುಕೊಳ್ಳಲಿಲ್ಲ.

ಎಷ್ಟು ಅನಿಲ ಹೋಯಿತು, ಯಾರ ಆದೇಶದಿಂದ ಹೋಯಿತು, ಎರಡನ್ನೂ ವರದಿಯಲ್ಲಿ ಬರೆದೆ. ಕಂಪನಿಯ ಮುಖ್ಯ ಕಚೇರಿಯಿಂದ ಕರೆ ಬಂತು. ಜಗಳವಿಲ್ಲ, ಜೇನಿನಂಥ ಮಾತು. “ನಿಮ್ಮ ಅಂಕಿಯನ್ನ ಹಾಗೇ ಒಪ್ಕೋತೀವಿ ಮೇಡಂ. ಮ್ಯಾನೇಜರ್ ಆದೇಶ ಅನ್ನೋ ಒಂದು ಸಾಲನ್ನ ಮೆಕ್ಯಾನಿಕ್‌ನ ಅಜಾಗರೂಕತೆ ಅಂತ ತಿದ್ದಿಕೊಡಿ, ಸಾಕು.” ನನ್ನ ಮೇಲಧಿಕಾರಿಯೂ, “ಅಂಕಿ ಸರಿಯಿದೆಯಲ್ಲ, ಸಹಿ ಹಾಕಿಬಿಡಿ,” ಎಂದರು.

ಸುದ್ದಿ ಹೇಗೋ ಮುಟ್ಟಿ ಸಿದ್ದರಾಜು ಫೋನ್ ಮಾಡಿದ. “ನನ್ನೆಸ್ರು ಬಂದ್ಬುಟ್ರೆ ಈ ಊರಲ್ಲಿ ಯಾವ ಅಂಗಡಿಯೋರೂ ಒಳಿಕ್ಕೆ ಸೇರಿಸಲ್ಲ ಕಣಮ್ಮ. ನೀವು ಅಲ್ಲೇ ನಿಂತು ನೋಡಿದ್ರಲ್ಲ.”

ನೋಡಿದ್ದೆ. ಸಹಿ ಹಾಕಲಿಲ್ಲ. ಆ ಕೆಲಸ ಬೇರೆಯವರ ಕೈಗೆ ಹೋಯಿತು. ಅಚ್ಚಾಗಿ ಬಂದ ವರದಿಯನ್ನು ಓದಿದೆ. ಸಿದ್ದರಾಜುವಿನ ಹೆಸರಿರಲಿಲ್ಲ, ಅವನು ಈಗಲೂ ಊರಲ್ಲಿ ಫ್ರೀಜರ್ ರಿಪೇರಿ ಮಾಡಿಕೊಂಡಿದ್ದಾನೆ. ಅನಿಲದ ಸುದ್ದಿಯೂ ಇರಲಿಲ್ಲ. ಇದ್ದದ್ದು ಆ ಗೋಡೆಯ ಫೋಟೊ. ಎಣ್ಣೆ ಇಳಿದಿದ್ದ ಜಾಗದಲ್ಲಿ ಜಿಂಕೆಯನ್ನು ಅಳಿಸಿ ಹೊಸದಾಗಿ ಒಂದು ಮರ ಬರೆಸಿದ್ದರು.

ಅಳೆಯುವುದಷ್ಟೇ ನನ್ನ ಕೆಲಸ ಎಂದು ಅದುವರೆಗೆ ತಿಳಿದಿದ್ದೆ. ಅಂಕಿಯನ್ನು ಸರಿಯಾಗಿಟ್ಟೂ ಸುಳ್ಳು ಹೇಳಿಸಬಹುದೆಂದು ಆ ಮಳಿಗೆ ಕಲಿಸಿತು. ಈಗ ಎಲ್ಲಿಗೆ ಹೋದರೂ ‘ಎಷ್ಟು’ ಎಂದು ಕೇಳುವ ಮೊದಲು ‘ಯಾರು ಹೇಳಿ ಮಾಡಿಸಿದ್ದು’ ಎಂದು ಕೇಳುತ್ತೇನೆ.