ದಾರಿ ತೆರವಿದೆ ಎಂಬ ವರದಿ

ಗೋಕಾಕದ ಹಾಲಿನ ಸಂಘದ ಕಂಪ್ಯೂಟರ್ ಪ್ರೋಗ್ರಾಮನ್ನು ಬರೆದವನು ನಾನು. ಹೊಸ ಶತಮಾನ ಆಗತಾನೇ ಶುರುವಾಗಿತ್ತು. ಮೂಡಲಗಿ ಮತ್ತು ಹುಕ್ಕೇರಿಯ ಕೇಂದ್ರಗಳು ಹಾಲಿನ ಅಳತೆಯನ್ನು ಟೆಲಿಫೋನ್ ತಂತಿಯ ಮೂಲಕ ನಮಗೆ ಕಳುಹಿಸುತ್ತಿದ್ದವು. ಇಲ್ಲಿಂದ ಉತ್ತರ ಹೋದ ಮೇಲೆಯೇ ಅಲ್ಲಿ ಚೀಟಿ ಅಚ್ಚಾಗುತ್ತಿತ್ತು. ಚೀಟಿಯಿಲ್ಲದೆ ಹಾಲನ್ನು ಒಳಗೆ ತೆಗೆದುಕೊಳ್ಳುವಂತಿರಲಿಲ್ಲ.

ಯುಗಾದಿಯ ಬಳಿಕ ಉತ್ತರಗಳು ತಡವಾಗತೊಡಗಿದವು. ಘೋಡಗೇರಿ ಹಳ್ಳಿಯಿಂದ ಬಂದ ಕ್ಯಾನುಗಳು ಹುಕ್ಕೇರಿಯ ಬಿಸಿಲಿನಲ್ಲಿ ಸಾಲುಗಟ್ಟಿ ನಿಂತು ಹಾಲು ಒಡೆಯಿತು. ಯಾರೂ ಏನೂ ಕಳುಹಿಸದ ಮಧ್ಯಾಹ್ನದಲ್ಲೂ ನಮ್ಮ ಯಂತ್ರದ ಸಿಪಿಯು ನೂರಕ್ಕೆ ನೂರು ದುಡಿಯುತ್ತಿತ್ತು.

ವ್ಯವಸ್ಥಾಪಕರು ಬೆಳಗಾವಿಯಿಂದ ಒಬ್ಬ ತಜ್ಞನನ್ನು ಕರೆಸಿದರು. ಅವನು ನನ್ನ ಕೋಡನ್ನು ತೆರೆದೂ ನೋಡಲಿಲ್ಲ. ನನ್ನದೇ ಕುರ್ಚಿಯಲ್ಲಿ ಕುಳಿತು, ಗುಮಾಸ್ತರೆಲ್ಲ ಕೇಳುವಂತೆ ಹೇಳಿದ: "ಕಾಕಾ, ಪ್ರೋಗ್ರಾಮಿಗೂ ರಿಟೈರ್ಮೆಂಟ್ ಇರತೈತ್ರಿ. ಇದನ್ನ ತಗದು ಹೊಸಾದು ಹಾಕೂಣು." ನಕ್ಕವರು ಮೂವರು, ಯಾರು ಯಾರೆಂದು ಈಗಲೂ ಹೇಳಬಲ್ಲೆ. ಶನಿವಾರದ ಸಭೆಯಲ್ಲಿ ತೀರ್ಮಾನ. ಸೋತರೆ ನನ್ನ ನಾಲ್ಕು ವರ್ಷದ ಕೆಲಸ ಕಸಕ್ಕೆ, ನಾನು ಮೂಡಲಗಿಯಲ್ಲಿ ಕ್ಯಾನು ಎಣಿಸಲಿಕ್ಕೆ.

ಕೆಲಸವಿಲ್ಲದಾಗ ಮಲಗಿರಬೇಕಾದ ಪ್ರೋಗ್ರಾಮು ಪ್ರತಿ ಸಲ ಏಕೆ ಎಚ್ಚರಗೊಳ್ಳುತ್ತಿದೆ ಎಂಬುದನ್ನು ಅದರಿಂದಲೇ ಸಾಲುಸಾಲಾಗಿ ಬರೆಸಿದೆ. ಗುರುವಾರ ಕಾರಣ ಸಿಕ್ಕಿತು. ಒಂದೊಂದು ಸಾಕೆಟ್ಟಿನಿಂದಲೂ, ಅಂದರೆ ಒಂದೊಂದು ಕೇಂದ್ರದ ಸಂಪರ್ಕದ ಈಚೆ ತುದಿಯಿಂದಲೂ, ನಾನು ಎರಡು ಸೂಚನೆ ಕೇಳಿದ್ದೆ: ಮಾಹಿತಿ ಬಂದಾಗ ಒಂದು, ಉತ್ತರ ಕಳುಹಿಸಲು ದಾರಿ ತೆರವಿದ್ದಾಗ ಇನ್ನೊಂದು. ಎರಡನೆಯದನ್ನು ಯುಗಾದಿಯ ಹೊತ್ತಿಗೆ, ಉತ್ತರ ಅರ್ಧಕ್ಕೆ ನಿಲ್ಲದಿರಲೆಂದು ಸೇರಿಸಿದ್ದೆ. ದಾರಿಯೋ ಬಹುತೇಕ ಸದಾ ತೆರವು. ಕಳುಹಿಸಲು ಏನೂ ಇಲ್ಲದಿದ್ದರೂ ಆ ಸೂಚನೆ ಬಿಡುವಿಲ್ಲದೆ ಬರುತ್ತಿತ್ತು.

ವ್ಯವಸ್ಥಾಪಕರಿಗೆ ಹೀಗೆ ವಿವರಿಸಿದೆ: "ಗೇಟಿನ ಶಿಪಾಯಿ ಗಳಿಗಿಗೊಮ್ಮೆ ಒಳಗ ಬಂದು 'ಗೇಟ್ ತಗದೈತ್ರಿ' ಅಂದ್ರ ನೀವು ಕೆಲಸ ಹೆಂಗ ಮಾಡ್ತೀರಿ, ಸಾಹೇಬ್ರ? ಲಾರಿ ಹೊರಗ ಹೋಗೂದಿದ್ದಾಗಷ್ಟ ಅವನ್ನ ಕೇಳಬೇಕು."

ಉತ್ತರ ಬಾಕಿಯಿದ್ದಾಗ ಮಾತ್ರ ಆ ಸೂಚನೆ ಕೇಳುವಂತೆ, ಕಳುಹಿಸಿದೊಡನೆ ಬೇಡವೆನ್ನುವಂತೆ ತಿದ್ದಿದೆ. ನೂರರಲ್ಲಿದ್ದ ಸಿಪಿಯು ಎರಡು ಮೂರಕ್ಕೆ ಇಳಿಯಿತು. ಗುಂಡಿ ಒತ್ತಿ ಕೈ ತೆಗೆಯುವುದರೊಳಗೆ ಚೀಟಿ ಬರುತ್ತಿದೆಯೆಂದು ಹುಕ್ಕೇರಿಯಿಂದ ಫೋನು ಬಂತು.

ಶನಿವಾರ ನನ್ನ ಪ್ರೋಗ್ರಾಮು ಉಳಿಯಿತು. ತನಗೂ ಅದೇ ಸಂಶಯವಿತ್ತೆಂದು ತಜ್ಞ ಹೇಳಿಕೊಂಡ. ಸಭೆಯ ತೀರ್ಮಾನ ಬರೆಯುವ ಠರಾವಿನ ಪುಸ್ತಕದಲ್ಲಿ ಮಾತ್ರ, ನಾನು ಬರೆದುದರಲ್ಲಿ ದೋಷವಿತ್ತು, ಸರಿಪಡಿಸಲಾಯಿತು ಎಂದಷ್ಟೇ ಇತ್ತು. ಸಹಿಗೆಂದು ಕೊಟ್ಟ ಪೆನ್ನನ್ನು ನಾನು ಕೆಳಗಿಟ್ಟೆ.

"ತಪ್ಪು ಮಾಡಿದಾಂವ ನಾನು ಖರೆ. ಹುಡುಕಿದಾಂವನೂ ನಾನ. ಎರಡೂ ಬರೀರಿ."

ಮೊದಲು ಸಹಿ ಮಾಡಿ, ಆಮೇಲೆ ನೋಡೋಣ ಎಂದರು ವ್ಯವಸ್ಥಾಪಕರು. ನಾನು ಕದಲಲಿಲ್ಲ. ಚಹಾ ಬಂದು ಆರಿತು. ಕೊನೆಗೆ ವ್ಯವಸ್ಥಾಪಕರು ಪುಸ್ತಕವನ್ನು ತಮ್ಮತ್ತ ಎಳೆದುಕೊಂಡು ಎರಡನೆಯ ವಾಕ್ಯವನ್ನೂ ಬರೆದರು. ಓದಿ ನೋಡಿ, ಒಂದು ಅಲ್ಪವಿರಾಮ ತಿದ್ದಿಸಿ, ಸಹಿ ಮಾಡಿದೆ.