ಹೆರಿಗೆ ಮನೆ ಮುಚ್ಚಿಸಿದ ಸಭೆ

ಆ ಓಣಿಯ ಹೆರಿಗೆ ಮನೆಯಲ್ಲಿ ಇಪ್ಪತ್ತೆರಡು ವರ್ಷ ನೀರು ಕಾಯಿಸಿ, ಬಟ್ಟೆ ಒಗೆದು, ಹೆರುವವರ ಬೆನ್ನು ಸವರಿದ ಆಯಮ್ಮನ ಬಾಯಿಗೆ ಹೆದರದವರಿರಲಿಲ್ಲ. ಒಂದು ದೀಪ ಕೆಟ್ಟರೂ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ವಾರ್ಡಿನ ಮೆಂಬರಪ್ಪನ ಮನೆ ಮುಂದೆ ಹೋಗಿ ಕೂರುತ್ತಿದ್ದಳು.

"ಏನು ಆಯಮ್ಮ, ಬೆಳಗಾಗೋದ್ರೊಳಗೆ ಬಂದ್ಬಿಟ್ಯಾ?" ಎಂದು ಅವನು ಗೊಣಗಿದರೆ, "ವೋಟು ಕೇಳೋಕೆ ನೀನು ಇದಕ್ಕೂ ಮುಂಚೆ ಬಂದಿದ್ದೆ ಕಣಪ್ಪ" ಎನ್ನುವಳು. ಸಂಜೆಯೊಳಗೆ ದೀಪ ಉರಿಯುತ್ತಿತ್ತು.

ಆಮೇಲೆ ಒಂದು ಸಂಸ್ಥೆಯ ಮೂಲಕ ಹೊರದೇಶದ ನೆರವು ಬಂತು. ಮಂಚ, ಔಷಧಿ, ನರ್ಸಮ್ಮನ ಸಂಬಳ, ಎಲ್ಲ ಅವರದೇ. ಏನು ಕೆಟ್ಟರೂ ಸಂಸ್ಥೆಯವರಿಗೆ ಫೋನು ಮಾಡಿದರಾಯಿತು. ಮೆಂಬರಪ್ಪನನ್ನು ಕೇಳುವವರೇ ಇಲ್ಲವಾದರು. ಅವನಿಗೂ ಅದು ಹಾಯೆನಿಸಿತು.

ಸಂಸ್ಥೆಯವರು ಮೂರು ತಿಂಗಳಿಗೊಮ್ಮೆ ಸಭೆ ನಡೆಸುತ್ತಿದ್ದರು. ಯಾರೋ ಏನೋ ಓದುವರು. ಕ್ಯಾಮೆರಾದವನು ಎದ್ದು ನಿಂತ ಕೂಡಲೇ ಎಲ್ಲರೂ ಕೈ ಎತ್ತಬೇಕು. ಜನರೇ ತೀರ್ಮಾನ ಮಾಡಿದರೆಂದು ತೋರಿಸಲು ಆ ಫೋಟೋ ಹೊರದೇಶಕ್ಕೆ ಹೋಗುತ್ತಿತ್ತು. "ಎತ್ರೇ ಕೈನ, ಮದುವೆ ಹೆಣ್ಣಿನ ಥರ ನಾಚ್ಕೋಬೇಡಿ" ಎಂದು ಆಯಮ್ಮನೇ ನಗಿಸುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆಯಿತು.

ಹೋದ ವರ್ಷ ನೆರವು ನಿಂತಿತು. ಈ ಸಲ ಮೆಂಬರಪ್ಪ ಸಭೆ ಕರೆದ. ಅದೇ ಕೋಣೆ, ಅದೇ ಬೆಂಚು. ವಾರ್ಡಿನ ಕಚೇರಿಯ ಗುಮಾಸ್ತ ತಲೆ ಬಗ್ಗಿಸಿ ಒಂದು ಹಾಳೆ ಓದಿದ. ಆಯಮ್ಮ ತುಂಬು ಬಸುರಿ ಮಗಳನ್ನು ಗೋಡೆಗೆ ಒರಗಿಸಿ ಕೂರಿಸುವುದರಲ್ಲಿದ್ದಳು. ಕ್ಯಾಮೆರಾದವನು ಎದ್ದ. ಕೈಗಳೆಲ್ಲ ಮೇಲೆದ್ದವು. ಆಯಮ್ಮನದೂ, ಮಗಳದೂ.

ಮೂರನೆಯ ದಿನ ಹೆರಿಗೆ ಮನೆಗೆ ಬೀಗ ಬಿತ್ತು. ಕಟ್ಟಡ ಇನ್ನು ಕಚೇರಿಯ ಉಗ್ರಾಣವಂತೆ. ಆಯಮ್ಮ ಮನೆಮನೆಗೆ ಹೋಗಿ, ಮೆಂಬರಪ್ಪನ ಮನೆಗೆ ಬನ್ನಿರೆಂದು ಹೆಂಗಸರನ್ನು ಕರೆದಳು. "ಅವನ ಹತ್ರ ಹೋಗಿ ಏನಾಗ್ಬೇಕು? ಆ ಸಂಸ್ಥೆಯೋರಿಗೇ ಫೋನು ಮಾಡಕ್ಕ" ಎಂದರು. ಫೋನು ಎತ್ತುವವರು ಊರು ಬಿಟ್ಟಾಗಿತ್ತು. ಅವಳೊಬ್ಬಳೇ ಹೋದಳು.

"ನಮಗೆ ತಿಳೀಲಿಲ್ಲ ಕಣಪ್ಪ. ಫೋಟೋಗೆ ಅಂತ ಎತ್ತಿದ್ವಿ."

ಮೆಂಬರಪ್ಪ ಫೋಟೋ ಮುಂದಿಟ್ಟ. "ನೋಡು, ಮುಂದಿನ ಸಾಲಲ್ಲೇ ಇದೀಯ. ಮುಚ್ಚೋಕೆ ಒಪ್ಪಿದೋರು ನೀವೇ. ಜನರ ತೀರ್ಮಾನ ಮೀರೋಕೆ ನಾನ್ಯಾರು ಆಯಮ್ಮ?"



ಎಂಟು ದಿನಕ್ಕೆ ಮಗಳಿಗೆ ನೋವು ಬಂತು. ದೊಡ್ಡಾಸ್ಪತ್ರೆಗೆ ಎರಡು ಗಂಟೆ ದಾರಿ. ಬಸ್ಸಿನ ಹಿಂದಿನ ಸೀಟಿನಲ್ಲೇ ಮಗು ಹುಟ್ಟಿತು, ಅಳಲಿಲ್ಲ. ಆಯಮ್ಮ ಅದರ ಅಂಗಾಲಿಗೆ ತಟ್ಟಿದಳು, ಬೆನ್ನು ಉಜ್ಜಿದಳು, ಬಾಯಿಗೆ ಬಾಯಿಟ್ಟು ಊದಿದಳು, ಮತ್ತೆ ತಟ್ಟಿದಳು. ಬಸ್ಸು ಆಸ್ಪತ್ರೆಯ ಗೇಟಿಗೆ ಬಂದು ನಿಂತರೂ ತಟ್ಟುತ್ತಲೇ ಇದ್ದಳು.

"ಸಾಕು ಬಿಡಮ್ಮ" ಎಂದಳು ಮಗಳು.